ಅಕ್ಕಿಯೊಳಗಿನ ಬಲಮುರಿ

ಹೊರಗೆ ಮಳೆ ಹಿಡಿದು, ಕರೆಂಟು ಹೋಗಿ, ಜಗಲಿಯಲ್ಲಿ ಕಾಫಿ ಒಂದು ಸುತ್ತು ಮುಗಿದ ಹೊತ್ತಲ್ಲಿ ಯಾರಾದರೂ "ಅಮೆರಿಕದಲ್ಲಿ ಏನು ನೋಡಿದ್ರಿ ಮಾರಾಯ್ರೆ?" ಅಂತ ಕೇಳುತ್ತಾರೆ. ನಾನು ನಯಾಗರದ ಸುದ್ದಿ ಎತ್ತುವುದಿಲ್ಲ. ಜೋಗದ ಸದ್ದು ಕೇಳಿ ಬೆಳೆದವರ ಮುಂದೆ ಹೋಗಿ ನೀರು ಬೀಳುವುದನ್ನು ಬಣ್ಣಿಸಿದರೆ ಮರ್ಯಾದೆ ಉಳಿಯುವುದಿಲ್ಲ. ನಾನು ಹೇಳುವುದು ಸ್ಯಾನಿಬೆಲ್ ಅನ್ನುವ ಒಂದು ದ್ವೀಪದ ಕಥೆ. ಅಲ್ಲಿ ನಮ್ಮನೆಯವಳ ಕೈಗೆ ಬಂದು ಹೋದ ಒಂದು ಶಂಖದ ಕಥೆ ಅಂದರೂ ಆದೀತು. ಆದರೆ ಅದಕ್ಕೆ ಮೊದಲು ನಮ್ಮ ಬೀಗರ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಯಾವುದೂ ಸರಿಯಾಗಿ ಕೂರುವುದಿಲ್ಲ.

ಬೀಗರು ಮಂಡ್ಯದ ಕಡೆಯವರು. ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಲೆಕ್ಕ ಹೇಳಿಕೊಟ್ಟವರು. ಎತ್ತರದ ಆಳು, ಧ್ವನಿ ಆಳಿಗಿಂತ ಎತ್ತರ. ಎಲ್ಲಿಗೆ ಹೊರಟರೂ ಮೂರು ಲೀಟರಿನ ಕುಕ್ಕರು ಜೊತೆಗಿರಬೇಕು. "ಸೀಟಿ ಕೂಗ್ದಿದ್ ಮನೇಲಿ ಅನ್ನ ಬೆಂದದೆ ಅಂತ ನಂಬೋದೆಂಗೆ ಬೀಗ್ರೇ?" ಅನ್ನುವುದು ಅವರ ವಾದ. ಆ ಸಲ ಅವರ ಮನೆಯವರು ಬಂದಿರಲಿಲ್ಲ. ಊರಲ್ಲಿ ಹಸು ಕರು ಹಾಕುವುದರಲ್ಲಿತ್ತು. ಮಗಳ ಮನೆಗೆ ಬರುವುದಕ್ಕೆ ಹಸುವನ್ನು ಕೇಳಬೇಕಾಯಿತಲ್ಲ ಅಂತ ಸೊಸೆಗೆ ಸ್ವಲ್ಪ ಬೇಜಾರಿತ್ತು. ನಾನು ಹಸುವಿನ ಪಕ್ಷ.

ಯಾವ ವರ್ಷ ಅಂತ ಕೇಳಬೇಡಿ. ಕೊರೋನಾ ಬರುವುದಕ್ಕೆ ಮುಂಚಿನ ಯುಗಾದಿ, ಅಷ್ಟು ಗ್ಯಾರಂಟಿ. ಮಗ ಅಟ್ಲಾಂಟಾದಲ್ಲಿದ್ದ. ಅಲ್ಲಿ ವಸಂತ ಬಂದರೆ ಪೈನ್ ಮರಗಳಿಂದ ಹಳದಿ ಪರಾಗ ಉದುರುತ್ತದೆ. ಉದುರುವುದು ಅಂದರೆ ಹೇಗೆ, ಯಾರೋ ರಾತ್ರಿ ಬಂದು ಊರಿಗೆಲ್ಲ ಅರಿಶಿನದ ಪುಡಿ ಎರಚಿ ಹೋದ ಹಾಗೆ. ಕಾರು, ಮೆಟ್ಟಿಲು, ಅಂಚೆ ಡಬ್ಬಿ ಎಲ್ಲ ಹಳದಿ. ಬೆಳಿಗ್ಗೆ ಎದ್ದರೆ ನನಗೆ ಹದಿನಾಲ್ಕು ಸೀನು. ಬೀಗರು ಎಣಿಸುತ್ತಿದ್ದರು, ಅದಕ್ಕೇ ಲೆಕ್ಕ ನೆನಪಿದೆ. ಮೊಮ್ಮಗಳಿಗೆ ಶಾಲೆಯಲ್ಲಿ ವಸಂತದ ರಜೆ ಒಂದು ವಾರ. "ಅಪ್ಪ, ಈ ಪುಡಿಯಿಂದ ತಪ್ಪಿಸಿಕೊಂಡು ಸಮುದ್ರಕ್ಕೆ ಹೋಗೋಣ" ಅಂದ ಮಗ. ಫ್ಲಾರಿಡಾದ ಪಶ್ಚಿಮ ಕರಾವಳಿಯ ದ್ವೀಪವೊಂದರ ರೆಸಾರ್ಟಿನಲ್ಲಿ, ಅಡುಗೆಮನೆ ಇರುವ ಎರಡು ಕೋಣೆಯ ಬಿಡಾರ ಗೊತ್ತುಮಾಡಿದ್ದ. ಅಡುಗೆಮನೆ ಇದೆ ಅಂದಕೂಡಲೇ ಬೀಗರು ಕುಕ್ಕರನ್ನು ಟವೆಲಿನಲ್ಲಿ ಸುತ್ತಿದರು.

ಇನ್ನೂ ಕತ್ತಲಿರುವಾಗಲೇ ಹೊರಟೆವು. ಹತ್ತು ಗಂಟೆಯ ದಾರಿ, 75ನೇ ನಂಬರಿನ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ನೇರ. ದಾರಿಯಲ್ಲಿ ನೆನಪಿರುವುದು ಒಂದೇ. ಜಾರ್ಜಿಯಾ ಮುಗಿದು ಫ್ಲಾರಿಡಾ ಶುರುವಾಗುವಲ್ಲಿ ಸರ್ಕಾರದವರೇ ಒಂದು ಸ್ವಾಗತ ಕೇಂದ್ರ ಇಟ್ಟು, ಬಂದವರಿಗೆಲ್ಲ ಪುಟ್ಟ ಲೋಟದಲ್ಲಿ ಕಿತ್ತಳೆ ರಸ ಬಿಟ್ಟಿಯಾಗಿ ಕೊಡುತ್ತಾರೆ. ಬೀಗರು ಒಂದು ಸಲ ಟೋಪಿ ಹಾಕಿಕೊಂಡು, ಒಂದು ಸಲ ಟೋಪಿ ತೆಗೆದು, ಇನ್ನೊಂದು ಸಲ ನನ್ನ ಕೋಟು ಹಾಕಿಕೊಂಡು ಸಾಲಿನಲ್ಲಿ ನಿಂತರು. ಕೊಡುವ ಹೆಂಗಸು ಮೂರನೇ ಸಲ ನಕ್ಕು ಎರಡು ಲೋಟ ಕೊಟ್ಟಳು. ಈ ಕಿತ್ತಳೆಗೂ ನಮ್ಮ ಕರಿಬೇವಿಗೂ ಅಲ್ಲಿ ಒಂದು ಜಗಳವಿದೆ. ಕಿತ್ತಳೆ ತೋಟಗಳನ್ನು ಹಾಳುಮಾಡಿದ ರೋಗವೊಂದನ್ನು ಹರಡುವ ಸಣ್ಣ ಕೀಟಕ್ಕೆ ಕರಿಬೇವಿನ ಗಿಡವೂ ಇಷ್ಟವಂತೆ. ಹಾಗಾಗಿ ಗಿಡವನ್ನು ಅಲ್ಲಿಂದಿಲ್ಲಿಗೆ ಒಯ್ಯುವುದಕ್ಕೆ ಕಟ್ಟುಪಾಡು. ಸೊಸೆ ಹಿತ್ತಲ ಕುಂಡದ ಕರಿಬೇವಿಗೆ ಟಾಟಾ ಮಾಡಿ, ಒಂದೆಲೆಯೂ ಇಲ್ಲದೆ ಬಂದಿದ್ದಳು. ಹೋಗಲಿ, ಕಥೆ ಎಲ್ಲಿಗೋ ಹೋಯಿತು.

ಸ್ಯಾನಿಬೆಲ್‌ಗೆ ಹೋಗುವುದೇ ಒಂದು ಚಂದ. ಸಮುದ್ರದ ಮೇಲೆ ಮೂರು ಸೇತುವೆ, ನಡುವೆ ಉಸಿರು ತೆಗೆದುಕೊಳ್ಳಲು ಇಟ್ಟ ಹಾಗೆ ಎರಡು ಪುಟ್ಟ ನಡುಗಡ್ಡೆ. ಈ ದಾರಿ ಆದದ್ದು 1963ರಲ್ಲಿ. ಅದಕ್ಕೆ ಮೊದಲು ದೋಣಿಯೇ ಗತಿ. ಆಗ ಒಳಗೆ ಹೋಗುವಾಗ ಆರು ಡಾಲರ್ ಸುಂಕವಿತ್ತು, ಬರುವಾಗ ಇರಲಿಲ್ಲ. "ಬುದ್ಧಿವಂತ್ರು. ಒಳಕ್ ಬರೋನ್ ಜೇಬಲ್ಲಿ ಕಾಸಿರ್ತದೆ, ಹೊರಕ್ ಹೋಗೋನ್ ಹತ್ರ ಎಲ್ಲಿರ್ತದೆ?" ಅಂದರು ಬೀಗರು. ದ್ವೀಪದಲ್ಲಿ ಒಂದೇ ಒಂದು ಟ್ರಾಫಿಕ್ ದೀಪವಿಲ್ಲ. ಜನ ಹೆಚ್ಚಾದ ಕಾಲದಲ್ಲಿ ನಾಲ್ಕು ದಾರಿ ಕೂಡುವಲ್ಲಿ ಒಬ್ಬರು ನಿಂತು ಕೈಯಾಡಿಸಿ ವಾಹನ ಬಿಡುತ್ತಾರೆ. ತಾಳೆ ಮರಗಳ ತಲೆ ಮೀರಿದ ಕಟ್ಟಡ ಕಣ್ಣಿಗೆ ಬೀಳುವುದಿಲ್ಲ, ಕಟ್ಟುವುದಕ್ಕೂ ಬಿಡುವುದಿಲ್ಲವಂತೆ. ರಸ್ತೆ ಪಕ್ಕ ಒಂದು ಜಾತಿಯ ಮರ, ಮೈಯೆಲ್ಲ ಕೆಂಪು, ತೊಗಟೆ ಹಾಳೆ ಹಾಳೆಯಾಗಿ ಸುಲಿದಿರುತ್ತದೆ. ಹೆಸರು ಗಂಬೋ ಲಿಂಬೋ. ಊರವರು ಅದಕ್ಕೆ ಟೂರಿಸ್ಟ್ ಮರ ಅನ್ನುತ್ತಾರೆ. ಯಾಕೆ ಅನ್ನುವುದು ಮರುದಿನ ಬೀಚಿಗೆ ಹೋದಾಗ ಗೊತ್ತಾಯಿತು. ಬಿಸಿಲಿಗೆ ಮೈಯೊಡ್ಡಿ ಮಲಗಿದ್ದ ಬಿಳಿಯರೆಲ್ಲ ಕೆಂಪಗಾಗಿ, ಭುಜದ ಚರ್ಮ ಸುಲಿದು, ಥೇಟ್ ಆ ಮರದ ಹಾಗೇ ಇದ್ದರು.

ಹವೆಯ ಬಗ್ಗೆ ಹೇಳಲೇಬೇಕು. ಉಪೋಷ್ಣವಲಯ ಅಂತ ಭೂಗೋಳದಲ್ಲಿ ಓದಿದ್ದೆವಲ್ಲ, ಅದರ ಅರ್ಥ ಮೈಗೆ ತಿಳಿದದ್ದು ಅಲ್ಲಿ. ನಮ್ಮ ಕರಾವಳಿಯ ಏಪ್ರಿಲ್ ಅಂದರೆ ಅಂಗಿ ಹಿಂಡಿದರೆ ಅರ್ಧ ಲೋಟ ನೀರು. ಅಲ್ಲಿ ಅದೇ ತಿಂಗಳು ಮಳೆಯಿಲ್ಲ, ಧಗೆಯಿಲ್ಲ, ಬಿಸಿಲಿದೆ ಆದರೆ ಗಾಳಿ ತಣ್ಣಗೆ. ನಮ್ಮ ಕಡೆ ಕಾರ್ತಿಕ ಮಾಸದ ಬೆಳಿಗ್ಗೆ ಹತ್ತು ಗಂಟೆಗೆ ಅಂಗಳದಲ್ಲಿ ಅಡಿಕೆ ಹರವಿ ಕೂತ ಹಾಗೆ. ನನ್ನ ಸೀನು ಎರಡನೇ ದಿನಕ್ಕೆ ನಿಂತಿತು. ಎಣಿಸುವ ಕೆಲಸ ತಪ್ಪಿದ್ದಕ್ಕೆ ಬೀಗರು ಪೆಲಿಕನ್ ಹಕ್ಕಿ ಎಣಿಸತೊಡಗಿದರು.

ಈ ದ್ವೀಪದ ಹೆಸರೆಲ್ಲ ಚಿಪ್ಪಿನಿಂದ. ಆ ಕಡೆಯ ಉಳಿದ ದ್ವೀಪಗಳು ಕರಾವಳಿಗೆ ಸಮವಾಗಿ ಉತ್ತರ ದಕ್ಷಿಣ ಮಲಗಿದ್ದರೆ ಇದು ಮಾತ್ರ ಪೂರ್ವ ಪಶ್ಚಿಮಕ್ಕೆ ಅಡ್ಡ ಹಾಕಿದೆ. ಮೆಕ್ಸಿಕೋ ಕೊಲ್ಲಿಯ ನೀರು ಏನು ತಂದರೂ ಇದರ ಮಡಿಲಿಗೆ ಬಂದು ಬೀಳುತ್ತದೆ. ಮೊರದಲ್ಲಿ ಕೇರಿದ ಹಾಗೆ ತೀರದುದ್ದಕ್ಕೂ ಚಿಪ್ಪಿನ ಸಾಲು. ಬೆಳಗಾಯಿತೆಂದರೆ ಮುದುಕರು, ಮಕ್ಕಳು, ಬಾಣಂತಿಯರು ಎಲ್ಲ ಸೊಂಟ ಬಗ್ಗಿಸಿ ನೆಲ ನೋಡುತ್ತ ನಡೆಯುತ್ತಾರೆ. ಈ ಬಗ್ಗುವಿಕೆಗೇ ಅಲ್ಲಿ 'ಸ್ಯಾನಿಬೆಲ್ ಸ್ಟೂಪ್' ಅಂತ ಹೆಸರುಂಟು. ನನಗೆ ಮೊದಲ ದಿನ ಕಂಡದ್ದು ಆರಿದ್ರಾ ಮಳೆಯ ನಟ್ಟಿ ಗದ್ದೆ. ಅರ್ಧ ಗಂಟೆಗೆ ಎಲ್ಲರೂ ಸೊಂಟ ಹಿಡಿದು ನಿಂತರೆ ನಮ್ಮನೆಯವಳು ಮಾತ್ರ ಸೆರಗು ಸಿಕ್ಕಿಸಿ ಮುಂದೆ ಮುಂದೆ ಹೋಗುತ್ತಿದ್ದಳು. ಹುಡುಗಿಯಾಗಿದ್ದಾಗ ಸಾಗರದ ಕಡೆಯ ಗದ್ದೆಯಲ್ಲಿ ಸಸಿ ನೆಟ್ಟ ಸೊಂಟ ಅದು.

ಹೆಬ್ಬೆರಳಿನ ಉಗುರಷ್ಟು ಚಿಕ್ಕ ಕೊಕ್ವಿನಾ ಚಿಪ್ಪುಗಳು, ಒಂದೊಂದಕ್ಕೂ ಒಂದೊಂದು ಬಣ್ಣ, ಇಳಕಲ್ ಸೀರೆಯ ಅಂಗಡಿ ತೆರೆದಂತೆ. ಅಲೆ ಹಿಂದಕ್ಕೆ ಸರಿಯಿತೋ, ಜೀವ ಇರುವುವೆಲ್ಲ ಒಂದೇ ಏಟಿಗೆ ಮರಳೊಳಗೆ ಇಳಿದು ಮಾಯ. ಮೊಮ್ಮಗಳು ಪುಟ್ಟಿಗೆ ಗಂಟೆಗಟ್ಟಲೆ ಇದೇ ಆಟ. ಜುನೋನಿಯಾ ಅಂತ ಒಂದು ಅಪರೂಪದ ಶಂಖವಿದೆ. ಕೆನೆ ಬಣ್ಣದ ಮೈಗೆ ಕಂದು ಚುಕ್ಕೆ. ಅದು ಸಿಕ್ಕಿದವರ ಫೋಟೋ ಊರ ಪತ್ರಿಕೆಯಲ್ಲಿ ಹಾಕುತ್ತಾರೆ. ಬೀಗರಿಗೆ ಫೋಟೋದ ಆಸೆ ಹುಟ್ಟಿತು. ಒಂದು ಚುಕ್ಕೆಯ ಚೂರು ಸಿಕ್ಕಿ, ಊರೆಲ್ಲ ತೋರಿಸಿ, ಕೊನೆಗೆ ಅದು ಯಾರೋ ಒಡೆದ ಪಿಂಗಾಣಿ ಬಟ್ಟಲು ಅಂತ ಗೊತ್ತಾಯಿತು.

ಊಟದ ಸುದ್ದಿ. ಒಂದು ಸಂಜೆ ಹೊರಗೆ ಹೋಗಿ ಮೇಜಿನ ಮುಂದೆ ಕೂತೆವು. ಎಲ್ಲೆಲ್ಲೂ ಗ್ರೂಪರ್ ಮೀನು. ಬೀಗರು ಎರಡು ತುಂಡು ತಿಂದು "ಮುಳ್ಳಿಲ್ದಿದ್ ಮೀನು ಮೀನೇ ಅಲ್ಲ" ಅಂದರು, ಆದರೆ ತಟ್ಟೆಯಲ್ಲಿ ಬಿಡಲಿಲ್ಲ. ಕೊನೆಗೆ ಬಂದದ್ದು ಕೀ ಲೈಮ್ ಪೈ. ಗಟ್ಟಿ ಸಿಹಿ ಹಾಲಿಗೆ ನಿಂಬೆ ಹಿಂಡಿ ಮಾಡಿದ್ದು. ಮೊಟ್ಟೆಯ ಹಳದಿ ಇದೆ ಅಂತ ಸೊಸೆ ಹೇಳಿದ್ದರಿಂದ ನಮ್ಮನೆಯವಳು ಮುಟ್ಟಲಿಲ್ಲ. ಆದರೆ ಆ ನಿಂಬೆ ತೋರಿಸಿ ಅಂತ ಹಟ ಹಿಡಿದಳು. ಬಡಿಸುವ ಹುಡುಗ ಒಳಗಿಂದ ಒಂದನ್ನು ತಂದುಕೊಟ್ಟ. ಗೋಲಿಯಷ್ಟು ಚಿಕ್ಕದು, ತೆಳು ಸಿಪ್ಪೆ. ಉಗುರಿನಿಂದ ಗೀರಿ ಮೂಸಿದಳು. "ಇದು ನಮ್ಮ ನಿಂಬೆಹಣ್ಣೇ! ಹಿತ್ತಲಿಂದ ಕಿತ್ತು ತಂದ ಹಾಗಿದೆ." ಅವಳು ಹೇಳಿದ್ದು ಸರಿಯೇ. ಅದು ನಮ್ಮ ಕಾಗ್ಜಿ ನಿಂಬೆಯ ಜಾತಿಯೇ, ಊರೂರು ಸುತ್ತಿ ಹೋಗಿ ಫ್ಲಾರಿಡಾದಲ್ಲಿ ಬೇರೆ ಹೆಸರು ಇಟ್ಟುಕೊಂಡಿದೆ. ಆ ಹಣ್ಣು ಸೆರಗಿನ ಗಂಟಿಗೆ ಹೋಯಿತು, ಮರುದಿನ ಚಿತ್ರಾನ್ನಕ್ಕೆ ಬಿತ್ತು.

ಅಷ್ಟರಲ್ಲಿ ಯುಗಾದಿ ಬಂತು. ಬಂತು ಅಂದೆನಲ್ಲ, ಎರಡು ಸಲ ಬಂತು. ಸೊಸೆಯ ಫೋನಿನಲ್ಲಿದ್ದ ಅಮೆರಿಕದ ಪಂಚಾಂಗ ಶುಕ್ರವಾರ ಅಂದಿತು. ನಾನು ಊರಿಂದ ತಂದಿದ್ದ ಕ್ಯಾಲೆಂಡರು ಶನಿವಾರ ಅಂದಿತು. ಬೀಗರು ಊಟದ ಕಾಗದದ ಮೇಲೆ ಲೆಕ್ಕ ಹಾಕಿದರು. ಊರಿನಲ್ಲಿ ಮಧ್ಯಾಹ್ನ ಕಳೆದು ಅಮಾವಾಸ್ಯೆ ಮುಗಿದರೆ ಇಲ್ಲಿ ಇನ್ನೂ ಬೆಳಗಿನ ಜಾವ, ಸೂರ್ಯ ಹುಟ್ಟುವ ಹೊತ್ತಿಗೆ ಪಾಡ್ಯ ಬಂದೇಬಿಟ್ಟಿರುತ್ತದೆ, ಆದ್ದರಿಂದ ಇಲ್ಲಿಯವರಿಗೆ ಒಂದು ದಿನ ಮುಂಚೆ. ಲೆಕ್ಕ ಸರಿ, ಮನಸ್ಸು ಒಪ್ಪಬೇಕಲ್ಲ! ನಮ್ಮನೆಯವಳು "ಊರಿನ ದೇವರು ಇನ್ನೂ ಎದ್ದಿರಲ್ಲ, ನಾವು ಹಬ್ಬ ಮಾಡೋದಾ?" ಅಂದಳು. ಕೊನೆಗೆ ಎಣ್ಣೆಸ್ನಾನ ಶುಕ್ರವಾರ, ಹೋಳಿಗೆ ಶನಿವಾರ ಅಂತ ರಾಜಿಯಾಯಿತು. ಬೀಗರ ಪ್ರಕಾರ ಅದು ಹೋಳಿಗೆ ಅಲ್ಲ, ಒಬ್ಬಟ್ಟು. ಆ ಜಗಳಕ್ಕೆ ರಾಜಿ ಆಗಲಿಲ್ಲ.

ಶುಕ್ರವಾರ ಬೀಗರು ನೆತ್ತಿಯಿಂದ ಹಿಮ್ಮಡಿಯ ತನಕ ಹರಳೆಣ್ಣೆ ಹಚ್ಚಿಕೊಂಡು ವರಾಂಡದಲ್ಲಿ ಕೂತರು. ಎದುರಿನ ಮರಳಲ್ಲಿ ನಾಲ್ಕಾರು ಬಿಳಿಯರು ಕೊಬ್ಬರಿ ಪರಿಮಳದ ಎಣ್ಣೆ ಬಳಿದುಕೊಂಡು ಬಿಸಿಲಿಗೆ ಮಲಗಿದ್ದರು. "ನೋಡಿ ಬೀಗ್ರೇ, ಇವ್ರೂ ಶುಕ್ರವಾರವೇ ಮಾಡ್ತಾವ್ರೆ" ಅಂದರು. ಆ ಮೇಲೆ ಸ್ನಾನದ ತೊಟ್ಟಿಯಲ್ಲಿ ಅವರು ಜಾರಿದ್ದು, ನಾನು ಎತ್ತಲು ಹೋಗಿ ನಾನೂ ಜಾರಿದ್ದು, ರೆಸಾರ್ಟಿನ ಬಿಳಿ ಟವೆಲುಗಳಿಗೆ ಆದ ಗತಿ, ಇವನ್ನೆಲ್ಲ ಹೆಂಗಸರ ಮುಂದೆ ಹೇಳುವ ಹಾಗಿಲ್ಲ.

ಅವತ್ತೇ ಮಧ್ಯಾಹ್ನ ಹಕ್ಕಿಗಳ ಕಾಡಿಗೆ ಹೊರಟೆವು. 'ಡಿಂಗ್' ಡಾರ್ಲಿಂಗ್ ವನ್ಯಜೀವಿಧಾಮ ಅಂತ ಅದರ ಹೆಸರು. ಡಾರ್ಲಿಂಗ್ ಅನ್ನುವವರು ವ್ಯಂಗ್ಯಚಿತ್ರಕಾರರು, ಪುಲಿಟ್ಜರ್ ಬಂದವರು. ಕಾಡು ಮಾರಾಟವಾಗುವುದನ್ನು ತಡೆಯಲು ಓಡಾಡಿ, 1945ರಲ್ಲಿ ಅಧ್ಯಕ್ಷ ಟ್ರೂಮನ್ ಸಹಿ ಹಾಕುವ ಹಾಗೆ ಮಾಡಿದರು. ಗೀಟು ಎಳೆಯುವ ಕೈ ಬೇಲಿಯನ್ನೂ ಹಾಕಿತಲ್ಲ ಅಂತ ನನಗೆ ಅವರ ಮೇಲೆ ಗೌರವ. ಹೋಗಿ ನೋಡಿದರೆ ಗೇಟಿಗೆ ಬೀಗ. ಶುಕ್ರವಾರ ಕಾರು ಓಡಿಸುವ ದಾರಿಗೆ ರಜ, ಮೃಗಪಕ್ಷಿಗಳಿಗೆ ವಾರಕ್ಕೊಂದು ದಿನ ನೆಮ್ಮದಿ. ಬೋರ್ಡಿನಲ್ಲಿ ಸ್ಪಷ್ಟವಾಗಿ ಬರೆದಿತ್ತು, ನಾವೇ ಓದಿರಲಿಲ್ಲ. ಬೇಲಿಯಾಚೆ ಕಂಡಷ್ಟು ಕಂಡೆವು. ಕಾಂಡ್ಲಾ ಗಿಡಗಳು, ಕುಮಟಾದ ಅಘನಾಶಿನಿ ಹಿನ್ನೀರಿನಲ್ಲಿ ನಿಂತ ಹಾಗೇ ಬೇರಿನ ಕಾಲೂರಿ ನಿಂತಿವೆ. ಅದರ ಮೇಲೆ ನಮ್ಮ ಹಾವಕ್ಕಿಯ ಸೋದರಿಯೊಂದು ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತಿತ್ತು. ಚಮಚದ ಕೊಕ್ಕಿನ ಗುಲಾಬಿ ಹಕ್ಕಿಯೊಂದು ಮೇಲಿಂದ ಹಾದುಹೋಯಿತು ಅಂತ ಪುಟ್ಟಿ ಕೂಗಿದಳು. ನಾನು ಕತ್ತೆತ್ತುವಷ್ಟರಲ್ಲಿ ಖಾಲಿ ಆಕಾಶ. ನೋಡಿದೆ ಅಂತ ಆಮೇಲೆ ನಾಲ್ಕು ಕಡೆ ಹೇಳಿದ್ದೇನೆ.

ರಾತ್ರಿ ವಾಯವ್ಯದ ಗಾಳಿ ಎದ್ದಿತು. ಕಿಟಕಿಯ ಗಾಜು ಬೆಳಗಿನ ತನಕ ಗದಗದ. ಅಂಥ ಗಾಳಿ ಬಿಟ್ಟ ಮರುದಿನವೇ ಚಿಪ್ಪು ಹೆಚ್ಚು ಅಂತ ರೆಸಾರ್ಟಿನ ತೋಟದವನು ಹೇಳಿದ್ದ. ಅಮಾವಾಸ್ಯೆ ಬೇರೆ ಆಗಷ್ಟೇ ಕಳೆದಿತ್ತು, ಇಳಿತದ ನೀರು ಬಹಳ ದೂರ ಸರಿದಿತ್ತು. ಶನಿವಾರ, ಅಂದರೆ ನಮ್ಮನೆಯವಳ ಯುಗಾದಿಯ ದಿನ, ಅವಳು ಬೆಳಕು ಹರಿಯುವ ಮುಂಚೆಯೇ ತಲೆ ಒದ್ದೆ ಇದ್ದಂತೆಯೇ ಕುಂಕುಮವಿಟ್ಟು ಹೊರಟಳು. ಪುಟ್ಟಿ, ಬೀಗರು, ನಾನು ಹಿಂದೆ.

ಈಗ ಅವಳ ತವರಿನ ಶಂಖದ ಕಥೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವಳ ಅಜ್ಜ ಕಾಶಿಗೆ ಹೋದವರು ಒಬ್ಬ ಬೈರಾಗಿಗೆ ಬೆರಳಿನ ಹವಳದ ಉಂಗುರ ಬಿಚ್ಚಿಕೊಟ್ಟು ಒಂದು ಬಲಮುರಿ ಶಂಖ ತಂದಿದ್ದರು. ದೇವರ ಪೆಟ್ಟಿಗೆಯಲ್ಲಿ, ಕೆಂಪು ವಸ್ತ್ರದಲ್ಲಿ ಸುತ್ತಿ, ಅಕ್ಕಿಯೊಳಗೆ ಹೂತಿಡುವುದು. ದೀಪಾವಳಿಯ ಲಕ್ಷ್ಮೀಪೂಜೆಗೆ ಮಾತ್ರ ಹೊರಗೆ. ಸಾಮಾನ್ಯ ಶಂಖ ಎಡಮುರಿ, ಲಕ್ಷಕ್ಕೊಂದು ಬಲಮುರಿ ಅಂತ ಅಜ್ಜ ಹೇಳುತ್ತಿದ್ದರಂತೆ. ಹಿಸ್ಸೆಯಾದಾಗ ಅದು ದೊಡ್ಡಣ್ಣನ ಪಾಲಿಗೆ ಹೋಯಿತು. ಇವಳಿಗೆ ಒಂದು ತಾಮ್ರದ ಹಂಡೆ ಬಂತು. ನಲವತ್ತು ವರ್ಷ ನಾನು ಆ ಹಂಡೆಯ ನೀರಲ್ಲಿ ಸ್ನಾನ ಮಾಡಿದ್ದೇನೆ, ಶಂಖದ ಮಾತನ್ನೂ ಕೇಳಿದ್ದೇನೆ.

ಮೊಣಕಾಲುದ್ದದ ನೀರಿನ ಒಂದು ಗುಂಡಿಯಲ್ಲಿ ಅವಳು ಬಗ್ಗಿದಳು. ಎದ್ದಾಗ ಎರಡೂ ಕೈಯಲ್ಲಿ ಒಂದು ಶಂಖ. ಗೇಣುದ್ದ, ಬೂದು ಬಿಳಿ ಮೈ, ಮೇಲಿಂದ ಕೆಳಗೆ ಮಿಂಚು ಹೊಡೆದ ಹಾಗೆ ಕಂದು ಗೆರೆಗಳು. ದೇವರ ಮುಂದೆ ಹಿಡಿಯುವ ಹಾಗೆ ಕೊಳವೆಯ ತುದಿ ಮೇಲೆ ಮಾಡಿ ತಿರುಗಿಸಿದಳು. ಬಾಯಿ ಬಲಕ್ಕೆ.

"ಬಲಮುರಿ!" ಅಂತ ಕೂಗಿದಳು. ಅವಳು ಹಾಗೆ ಕೂಗಿದ್ದನ್ನು ಮಗ ಹುಟ್ಟಿದಾಗಲೂ ನಾನು ಕೇಳಿರಲಿಲ್ಲ.

ಬೀಗರು ದೂರದಿಂದ, "ಬಲಮುರಿಯಾ? ಅದು ನಮ್ ಶ್ರೀರಂಗಪಟ್ಟಣದ ತಾವ ಐತಲ್ಲ ಅಕ್ಕಾವ್ರೇ, ಇಲ್ಲೆಲ್ ಬಂತು?" ಅಂತ ನೀರು ಚಿಮ್ಮಿಸಿಕೊಂಡು ಓಡಿ ಬಂದರು. ಯುಗಾದಿಯ ದಿನ, ಬೆಳಗಿನ ಹೊತ್ತು, ತಾನಾಗಿಯೇ ಬಂದ ಲಕ್ಷ್ಮಿ. ನನಗೂ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ.

ಆಗ ಶಂಖದ ಬಾಯೊಳಗಿಂದ ಕಪ್ಪಗಿನದೊಂದು ಮೆಲ್ಲಗೆ ಹೊರಬಂದು ಅವಳ ಅಂಗೈಯನ್ನು ತಡವಿತು.

"ಅಜ್ಜೀ, ಅದು ಅಲೈವ್! ಬಿಡಬೇಕು!" ಅಂದಳು ಪುಟ್ಟಿ. ಹೌದು, ಆ ದ್ವೀಪದಲ್ಲಿ ಜೀವವಿರುವ ಚಿಪ್ಪನ್ನು ಒಯ್ಯುವಂತಿಲ್ಲ. ತೀರಕ್ಕೆ ಬರುವ ದಾರಿಯಲ್ಲೆಲ್ಲ ಬೋರ್ಡು ಹಾಕಿದ್ದಾರೆ. ಬೀಗರು ಸುತ್ತ ನೋಡಿ, "ಯಾರವ್ರೆ ಈಗ? ಟವೆಲ್ನಾಗೆ ಸುತ್ಕಂಡು ಹೋಗವ. ದೇವ್ರು ಕೊಟ್ಟಿದ್ದು" ಅಂದರು. ಕುಕ್ಕರು ತಂದ ಟವೆಲು ಹೆಗಲ ಮೇಲೆ ಸಿದ್ಧವಾಗಿತ್ತು. ನಾನು ಏನೂ ಹೇಳಲಿಲ್ಲ. ಹೇಳಬೇಕಾಗಿತ್ತೇನೋ.

ಅವಳು ಎಷ್ಟು ಹೊತ್ತು ನಿಂತಳು ಅಂತ ಈಗ ಸರಿಯಾಗಿ ಹೇಳಲಾರೆ. ನನ್ನ ನೆನಪಿನಲ್ಲಿ ಬಹಳ ಹೊತ್ತು, ಪುಟ್ಟಿಯ ಪ್ರಕಾರ ಒಂದು ನಿಮಿಷ. ಶಂಖವನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಕುಂಕುಮ ಅದರ ಮೈಗೆ ಸ್ವಲ್ಪ ಹತ್ತಿತು. ಮತ್ತೆ ಬಗ್ಗಿ, ಗುಂಡಿಯಲ್ಲಿ ಬೇಡ ಅಂತ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಿ, ಸೀರೆ ಸೊಂಟದ ತನಕ ನೆನೆಸಿಕೊಂಡು, ನೀರೊಳಗೆ ಇಟ್ಟಳು. ಇಡುವಾಗ "ಹೋಗಿ ಬಾ" ಅಂದಳು ಅಂತ ನಾನು. ನಾನೇನೂ ಅನ್ನಲೇ ಇಲ್ಲ ಅಂತ ಅವಳು. ಈ ಒಂದು ವಿಷಯದಲ್ಲಿ ನಮಗಿನ್ನೂ ಇತ್ಯರ್ಥವಾಗಿಲ್ಲ.

ಬೆಳಗಿನ ತಿಂಡಿಗೆ ಅವಳು ಮಾತಾಡಲಿಲ್ಲ. ಬೇವು ಬೆಲ್ಲ ಹಂಚಿದಳು. ಹಸಿ ಬೇವು ಎಲ್ಲಿ ಸಿಗಬೇಕು, ಅಟ್ಲಾಂಟಾದ ಇಂಡಿಯನ್ ಅಂಗಡಿಯಿಂದ ಸೊಸೆ ತಂದಿದ್ದ ಒಣ ಬೇವಿನ ಹೂವು. ಕಹಿ ಮಾತ್ರ ಒಣಗಿರಲಿಲ್ಲ.

ಅವಳ ಮನಸ್ಸು ತಿರುಗಲಿ ಅಂತ ಮಗ ಎಲ್ಲರನ್ನೂ ಅಲ್ಲಿನ ಶಂಖಚಿಪ್ಪುಗಳ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದ. ಬೇಲಿ-ಮ್ಯಾಥ್ಯೂಸ್ ಅಂತ ಹೆಸರು, ಬರೀ ಚಿಪ್ಪುಗಳಿಗಾಗಿಯೇ ಕಟ್ಟಿದ್ದು. ಹತ್ತಿಯಂಥ ಬಿಳಿ ಕೂದಲಿನ ಒಬ್ಬ ಅಜ್ಜಿ, ಸಂಬಳವಿಲ್ಲದೆ ಸೇವೆ ಮಾಡುವವರು, ಬಂದವರಿಗೆ ವಿವರಿಸುತ್ತಿದ್ದರು. ನಮ್ಮನೆಯವಳ ಸೀರೆ ನೋಡಿ ಹತ್ತಿರ ಬಂದರು. ಬೆಳಗಿನ ಕಥೆಯನ್ನು ಪುಟ್ಟಿ ಇಂಗ್ಲಿಷಿನಲ್ಲಿ ಹೇಳಿದಳು. ಅಜ್ಜಿ ಕೈ ಹಿಡಿದು ಮೊದಲು ಥ್ಯಾಂಕ್ಸ್ ಅಂದರು. ಆಮೇಲೆ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದರು.

ಅದರ ಹೆಸರು ಲೈಟ್ನಿಂಗ್ ವೆಲ್ಕ್. ಆ ಮಿಂಚಿನ ಗೆರೆಗಳಿಂದಲೇ ಬಂದ ಹೆಸರು. ನಮ್ಮ ಹಿಂದೂ ಮಹಾಸಾಗರದ ಶಂಖದಲ್ಲಿ ಬಲಮುರಿ ಸಿಗುವುದು ಅಪರೂಪದಲ್ಲಿ ಅಪರೂಪ. ಆದರೆ ಇವುಗಳ ಜಾತಿಯೇ ಬಲಮುರಿ. ಹುಟ್ಟಿದ್ದೆಲ್ಲ ಹಾಗೆಯೇ ಸುತ್ತಿಕೊಳ್ಳುತ್ತದೆ, ಬೇರೆ ಥರ ಸುತ್ತಿಕೊಂಡರೇ ವಿಶೇಷ. ಆ ಅಜ್ಜಿ ಮಾತ್ರ ಅದನ್ನು ಎಡಗೈಯ ಶಂಖ ಅಂದರು. ಬೀಗರಿಗೆ ಇದು ತಲೆಗೆ ಹತ್ತಲಿಲ್ಲ. ಶಂಖದ ಮಾದರಿಯೊಂದನ್ನು ಕೈಗೆ ತೆಗೆದುಕೊಂಡು ಮೇಲೆ ಕೆಳಗೆ ತಿರುಗಿಸಿದರು, ಆಮೇಲೆ ತೊಡೆ ತಟ್ಟಿದರು. "ಇವ್ರು ಮೊನೆ ಮೇಲ್ ಮಾಡಿ ನೋಡ್ತಾರೆ, ನಾವು ಕೊಳವೆ ಮೇಲ್ ಮಾಡಿ ಹಿಡೀತೀವಿ. ಅವ್ರ್ ಎಡ ನಮ್ ಬಲ! ಇಷ್ಟೇಯ!" ಮೂವತ್ತು ವರ್ಷದ ಮೇಷ್ಟ್ರಿಗೆ ಒಂದು ಲೆಕ್ಕ ಬಿಟ್ಟ ಸಂತೋಷ.

ಅಜ್ಜಿ ಇನ್ನೊಂದು ಮಾತು ಹೇಳಿದರು. ಇಲ್ಲಿಯ ಈ ಶಂಖಗಳು ಹಡಗು ಹತ್ತಿ ನಿಮ್ಮ ದೇಶಕ್ಕೂ ಹೋಗುತ್ತವೆ, ಅಲ್ಲಿ ಅವನ್ನು ಲಕ್ಷ್ಮಿಯ ಶಂಖ ಅಂತ ಮಾರುವವರಿದ್ದಾರೆ ಅಂತ. ಗುರುತು ಸುಲಭ. ಬಾಯೊಳಗೆ ಬೆರಳು ಹಾಕಿದರೆ ನಡುಗಂಬದ ಮೇಲೆ ಮೂರು ನಾಲ್ಕು ಮಡಿಕೆ, ಗೆರೆಯ ಹಾಗೆ ಉಬ್ಬಿದ್ದು ಸಿಕ್ಕಬೇಕು. ಸಿಕ್ಕಿದರೆ ಇಂಡಿಯಾದ್ದು. ನುಣ್ಣಗಿದ್ದರೆ ಇಲ್ಲಿಯದು.

ಪುಟ್ಟಿ ಇದನ್ನು ಅರ್ಧ ಕನ್ನಡದಲ್ಲಿ ಹೇಳಿ ಮುಗಿಸಿದಾಗ ನಾನು ನಮ್ಮನೆಯವಳ ಮುಖ ನೋಡಲಿಲ್ಲ. ಅವಳು ನನ್ನದನ್ನು ನೋಡಲಿಲ್ಲ. ಬೀಗರು ಮಾತ್ರ ಊಟಕ್ಕೆ ಕೂತಾಗ, "ಹಂಗಾದ್ರೆ ಅಕ್ಕಾವ್ರ ತವರಿನ..." ಅಂತ ಶುರುಮಾಡಿದರು. ಮೇಜಿನ ಕೆಳಗೆ ಅವರ ಕಾಲು ತುಳಿದೆ. ಪುಣ್ಯಕ್ಕೆ ಆಗಲೇ ಕುಕ್ಕರು ಸೀಟಿ ಕೂಗಿತು. ಮಧ್ಯಾಹ್ನದ ಹೋಳಿಗೆ ಬಹಳ ಚೆನ್ನಾಗಿತ್ತು. ಲಟ್ಟಣಿಗೆ ಇರಲಿಲ್ಲ. ಪ್ಲಾಸ್ಟಿಕ್ ಚೀಲ ಕತ್ತರಿಸಿ, ಎಣ್ಣೆ ಸವರಿ, ಬೀಗರು ಅಂಗೈಯಲ್ಲಿ ತಟ್ಟಿದರು. ತಟ್ಟಿದ್ದರಿಂದ ಅದು ಒಬ್ಬಟ್ಟೇ ಅಂತ ಅವರಿಗೆ ಇನ್ನೊಂದು ಆಧಾರ ಸಿಕ್ಕಿತು. ರೆಸಾರ್ಟಿನ ಅಂಗಡಿಯಲ್ಲಿ ಅದೇ ಶಂಖಗಳನ್ನು ಬುಟ್ಟಿಯಲ್ಲಿ ರಾಶಿ ಹಾಕಿದ್ದರು. ಒಂದು ಕೊಳ್ಳೋಣವಾ ಅಂತ ಮಗ ಕೇಳಿದ. "ಬದನೆಕಾಯಿ ಥರ ಆರಿಸಿ ತರೋದಾ? ಬೇಡ" ಅಂದಳು.

ಸಂಜೆ ಪಶ್ಚಿಮದ ತುದಿಗೆ, ಬ್ಲೈಂಡ್ ಪಾಸ್ ಅನ್ನುವಲ್ಲಿಗೆ ಹೋದೆವು. ಸೂರ್ಯ ಮುಳುಗುವುದನ್ನು ನೋಡಲು ಜಾತ್ರೆ ಸೇರಿತ್ತು. ಮುಳುಗಿದ ಮೇಲೆ ಕೆಲವರು ಚಪ್ಪಾಳೆ ತಟ್ಟಿ, ಕುರ್ಚಿ ಮಡಚಿ ಹೊರಟರು. ನಾವು ನಿಂತೆವು. ನಮ್ಮ ಆಟ ಆಮೇಲೆ ಶುರು, ಚಂದ್ರದರ್ಶನ ಆಗಬೇಕಲ್ಲ. ಮರಳಿನಿಂದ ಕಣ್ಣಿಗೆ ಕಾಣದ ನೊರಜುಗಳೆದ್ದು ಮೀನಖಂಡ ಕಚ್ಚತೊಡಗಿದವು. ಬೀಗರು ಒಂದೊಂದೇ ಕಾಲಲ್ಲಿ ಕುಣಿಯುತ್ತ ಆಕಾಶ ನೋಡುತ್ತಿದ್ದರು. ಒಬ್ಬ ಹುಡುಗ ನಿಂತು, ಸೂರ್ಯ ಆಗಲೇ ಹೋದ ಅಂತ ಮರುಕದಿಂದ ತಿಳಿಸಿದ. ಆಗ ಪುಟ್ಟಿಯೇ ಮೊದಲು ಕಂಡಳು. ಕೆಂಪು ಕರಗುವಲ್ಲಿ, ಉಗುರು ಕತ್ತರಿಸಿ ಬಿಸಾಡಿದ ಹಾಗೆ ಒಂದು ಗೆರೆ. ನಮ್ಮನೆಯವಳು ಸೆರಗಿನಿಂದ ಅಕ್ಕಿಕಾಳು ತೆಗೆದು ಸಮುದ್ರದ ಕಡೆ ಎರಚಿ ಕೈ ಮುಗಿದಳು. ಅಕ್ಕಿಯನ್ನು ಯಾವಾಗ ಗಂಟು ಹಾಕಿಕೊಂಡಿದ್ದಳೋ.

ಮರುದಿನ ಹೊರಡುವ ಮುಂಚೆ ಪೂರ್ವದ ತುದಿಯ ದೀಪಸ್ತಂಭ ನೋಡಿದೆವು. ನಾಲ್ಕು ಕಾಲಿನ ಕಬ್ಬಿಣದ ಗೋಪುರ, 1884ರಲ್ಲಿ ದೀಪ ಹಚ್ಚಿದ್ದು. ಅದರ ಕಬ್ಬಿಣ ಹೊತ್ತು ತಂದ ಹಡಗು ದ್ವೀಪ ಇನ್ನೇನು ಸಿಕ್ಕಿತು ಅನ್ನುವಾಗ ಮುಳುಗಿತಂತೆ. ನೀರಿಗಿಳಿದು ತುಂಡು ತುಂಡಾಗಿ ಎತ್ತಿ ತಂದು ಜೋಡಿಸಿದರು. ಎರಡು ಚಿಕ್ಕ ತುಂಡು ಮಾತ್ರ ಸಿಗಲಿಲ್ಲ, ಅವನ್ನು ಹೊಸದಾಗಿ ಮಾಡಿಸಿದರು. ಬೀಗರು ನಾಲ್ಕೂ ಕಾಲನ್ನು ಮುಟ್ಟಿ ಎಣಿಸಿದರು.

ಹಾಗೆ ಎಣಿಸಿದ್ದಕ್ಕೇ ಮುಂದೊಂದು ದಿನ ಬೀಗರು ಊರಿಂದ ನನಗೆ ಫೋನ್ ಮಾಡಿದ್ದು. 2022ರ ಸೆಪ್ಟೆಂಬರ್ ಕೊನೆಯಲ್ಲಿ ಇಯಾನ್ ಚಂಡಮಾರುತ ಆ ದ್ವೀಪದ ಮೇಲೆ ಹಾದುಹೋಯಿತು. ನಾವು ದಾಟಿ ಹೋದ ಸಮುದ್ರದ ದಾರಿ ಅಲ್ಲಲ್ಲಿ ಕಿತ್ತು ನೀರುಪಾಲಾಗಿತ್ತು. "ಬೀಗ್ರೇ, ಟೀವಿ ಹಾಕಿ! ದೀಪದ ಕಂಬಕ್ಕೆ ಒಂದ್ ಕಾಲಿಲ್ಲ! ನಾನ್ ಎಣಿಸಿದ್ನಲ್ಲ, ನಾಕಿದ್ವು!" ಅವರ ಗಂಟಲು ಕಟ್ಟಿತ್ತು. ಮೂರೇ ಕಾಲಿನಲ್ಲಿ ಗೋಪುರ ನಿಂತೇ ಇತ್ತು. ಮುಂದಿನ ಫೆಬ್ರವರಿಯಲ್ಲಿ ಮತ್ತೆ ದೀಪ ಹಚ್ಚಿದರು ಅಂತ ಮಗ ಹೇಳಿದ. ನಮ್ಮನೆಯವಳು ಅವತ್ತು ಟೀವಿಯ ಮುಂದೆ ನಿಂತು ಸೇತುವೆ ನೋಡಲಿಲ್ಲ, ಗೋಪುರ ನೋಡಲಿಲ್ಲ. "ಅದು ನೀರಿನ ಅಡಿಯಲ್ಲೇ ಇದ್ದೀತು ಅಲ್ವಾ?" ಅಂತ ಕೇಳಿದಳು. ಇದ್ದೀತು ಅಂದೆ.

ಆ ಮೇಲಿನ ದೀಪಾವಳಿಗೆ ಅವಳ ತವರಿಗೆ ಹೋಗಿದ್ದೆವು. ದೊಡ್ಡಣ್ಣನಿಗೆ ಈಗ ಕಣ್ಣು ಮಂಜು. ದೇವರ ಪೆಟ್ಟಿಗೆ ತೆಗೆಯುವ ಕೆಲಸ ತಂಗಿಗೆ ಬಂತು. ನಾನು ಹೊಸ್ತಿಲ ಹೊರಗೆ ಕೂತಿದ್ದೆ. ಕೆಂಪು ವಸ್ತ್ರ ಬಿಚ್ಚಿದಳು. ಶಂಖ ಹೊಗೆ ಕುಡಿದು ಕಂದಾಗಿತ್ತು, ಗೆರೆ ಇದ್ದರೂ ಕಾಣುವ ಹಾಗಿರಲಿಲ್ಲ. ನನಗೆ ಬೆನ್ನು ಮಾಡಿ ಕೂತಿದ್ದಳು, ಆದರೆ ಬಲಗೈಯ ತೋರುಬೆರಳು ಒಳಗೆ ಹೋದದ್ದು ಕಂಡಿತು. ಹೋಗಿ, ಒಂದು ಸುತ್ತು ತಿರುಗಿ, ಹೊರಗೆ ಬಂತು. ಆಮೇಲೆ ಪೂಜೆಯಾಯಿತು, ಮಂಗಳಾರತಿಯಾಯಿತು, ಅತ್ತಿಗೆ ಕಡುಬು ಬಡಿಸಿದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಾನು ಕೇಳಲಿಲ್ಲ.

ಬೀಗರು ಬಿಡುತ್ತಾರೆಯೇ? ರಾತ್ರಿ ಫೋನು ಬಂತು. ಹಬ್ಬದ ಕುಶಲವೆಲ್ಲ ಆದ ಮೇಲೆ ತಮಗೆ ಪಿಸುಮಾತು ಅನ್ನಿಸುವ ಧ್ವನಿಯಲ್ಲಿ, ಅಂದರೆ ಮೂರು ಮನೆಗೆ ಕೇಳುವ ಹಾಗೆ, "ಬೀಗ್ರೇ, ಗೆರೆ ಇತ್ತಾ?" ಅಂದರು.

ನಮ್ಮನೆಯವಳು ಫೋನು ಇಸಿದುಕೊಂಡಳು.

"ಅಕ್ಕಿಗೆ ನುಸಿ ಬಿದ್ದಿತ್ತು ಬೀಗರೇ," ಅಂದಳು. "ಹೊಸ ಅಕ್ಕಿ ಹಾಕಿ ಮುಚ್ಚಿಟ್ಟು ಬಂದೆ. ನಿಮ್ಮ ಹಸು ಹೇಗಿದೆ?"